ಎಲ್ಲರಿಗಿಂತ ಚೆನ್ನಾಗಿ ಬಂದ ಡೈನೋಸಾರ್

ಕುಟುಂಬದ ಫೋಟೋ ತೆಗೆಸುವುದೆಂದು ತೀರ್ಮಾನವಾದ ದಿನದಿಂದ ಎಲ್ಲರಿಗೂ ತಮ್ಮ ತಮ್ಮ ಮುಖದ್ದೇ ಚಿಂತೆ. ಕೊನೆಗೆ ಫೋಟೋ ಗೋಡೆ ಏರಿದ ಮೇಲೆ ನೋಡಿದರೆ, ಬಂದವರ ಕಣ್ಣು ನೆಟ್ಟಗೆ ಹೋಗಿ ನಿಲ್ಲುವುದು ಮಗುವಿನ ಎದೆಯ ಮೇಲೆ ಹಲ್ಲು ಕಿಸಿದು ನಿಂತ ಡೈನೋಸಾರ್ ಮೇಲೆ. ಇಡೀ ಮನೆಯಲ್ಲಿ ಕಣ್ಣು ಮುಚ್ಚದೆ, ಅಲುಗಾಡದೆ, ಸರಿಯಾಗಿ ನಕ್ಕಿರುವುದು ಅದೊಂದೇ. ಅಂಗಿಯ ಮೇಲೆ ಬರಹವಿದ್ದರಂತೂ ಮುಗಿಯಿತು. ಅಕ್ಷರ ಕಂಡರೆ ಓದದೆ ಬಿಡುವ ಕಣ್ಣಿಲ್ಲ. ಮಗು ಸ್ವಲ್ಪ ವಾರೆಯಾಗಿ ಕೂತು ಅರ್ಧ ಪದ ಮಡಿಕೆಯೊಳಗೆ ಸೇರಿಕೊಂಡರೆ, ನೋಡುವವರು ಮುಖ ಬಿಟ್ಟು ಪದಬಂಧ ಬಿಡಿಸಲು ನಿಲ್ಲುತ್ತಾರೆ.

ಈ ಅಪಾಯಕ್ಕೆ ಹೆದರಿದವರು ಸಾಮಾನ್ಯವಾಗಿ ಇನ್ನೊಂದು ತುದಿಗೆ ಓಡುತ್ತಾರೆ: ‘ಸುಮ್ಮನೆ ಎಲ್ಲರೂ ಬಿಳಿ ಹಾಕೋಣ, ತಲೆಬಿಸಿಯೇ ಬೇಡ.’ ತಲೆಬಿಸಿ ಶುರುವಾಗುವುದೇ ಅಲ್ಲಿ. ಬಿಳಿ ಅನ್ನುವುದು ಒಂದು ಬಣ್ಣವಲ್ಲ, ಒಂದು ದೊಡ್ಡ ಸಂಸಾರ. ಹೊಸ ಬಟ್ಟೆಯಲ್ಲೂ ಸೋಪಿನ ಪುಡಿಯಲ್ಲೂ ಹೊಳಪು ಕೊಡುವ ರಾಸಾಯನಿಕ ಇರುತ್ತದೆ. ಅದು ಬೆಳಕಿನಲ್ಲಿರುವ ಅತಿನೇರಳೆ ಕಿರಣವನ್ನು ಹೀರಿ ನೀಲಿಯಾಗಿ ಹೊರಚೆಲ್ಲುತ್ತದೆ. ಹೀಗಾಗಿ ಅಮ್ಮನ ಹೊಸ ಅಂಗಿ ತಿಳಿನೀಲಿ ಹೊಡೆಯುತ್ತದೆ, ಪಕ್ಕದಲ್ಲಿ ಅಪ್ಪನ ಹಳೆಯ ಅಂಗಿ ಹಲ್ಲುಜ್ಜದೆ ಬಂದಂತೆ ಹಳದಿಯಾಗಿ ಕಾಣುತ್ತದೆ. ಒಂಟಿಯಾಗಿ ನೋಡಿದರೆ ಎರಡೂ ಬಿಳಿಯೇ. ಮೇಲಾಗಿ, ಒತ್ತಾಗಿ ಕೂತಾಗ ಬಿಳಿ ಬಿಳಿಯೊಳಗೆ ಕರಗಿ, ಒಂದೇ ಹೊದಿಕೆಗೆ ಐದು ತೂತು ಕೊರೆದು ಐದು ತಲೆ ಹೊರಹಾಕಿದ ಹಾಗಾಗುತ್ತದೆ. ಕಪ್ಪಿನದೂ ಇದೇ ಕತೆ. ಒಗೆದು ಒಗೆದು ಒಂದು ಬೂದು, ಇನ್ನೊಂದು ಕಂದು. ಇದರ ಜೊತೆ ಕ್ಯಾಮೆರಾದ ಲೆಕ್ಕ ಬೇರೆ. ತಾನಾಗಿ ಬೆಳಕು ಅಳೆಯಲು ಬಿಟ್ಟರೆ ಅದು ಎದುರಿಗಿರುವುದನ್ನೆಲ್ಲ ಕಪ್ಪು ಬಿಳಿಯ ನಡುವಿನ ಬೂದು ಎಂದುಕೊಂಡು ಹೊರಡುತ್ತದೆ. ಚೌಕಟ್ಟಿನ ತುಂಬ ಬಿಳಿ ಇದ್ದರೆ ‘ಬೆಳಕು ಜಾಸ್ತಿ’ ಎಂದು ತಗ್ಗಿಸುತ್ತದೆ, ಮುಖಗಳು ಮಂಕಾಗುತ್ತವೆ. ಕಪ್ಪು ತುಂಬಿದ್ದರೆ ಏರಿಸುತ್ತದೆ, ಮುಖಗಳು ಬಿಳಿಚಿಕೊಳ್ಳುತ್ತವೆ.

ಇದಕ್ಕಿಂತ ಸುಲಭದ ದಾರಿ ಇದೆ. ಬಟ್ಟೆಯ ವಿಷಯದಲ್ಲಿ ಯಾರ ಹಟ ಹೆಚ್ಚೋ ಅವರಿಂದ ಶುರುಮಾಡಬೇಕು. ಆ ಹುದ್ದೆ ಸಾಮಾನ್ಯವಾಗಿ ನಾಲ್ಕು ವರ್ಷದ ಒಬ್ಬರಲ್ಲಿ ಇರುತ್ತದೆ. ಅವರು ಒಪ್ಪಿದ ಹೂವಿನ ಫ್ರಾಕೋ ಚೌಕಳಿ ಅಂಗಿಯೋ ಮೊದಲು ಗಟ್ಟಿಯಾಗಲಿ. ಅದರಲ್ಲಿರುವ ಬಣ್ಣಗಳಲ್ಲಿ ಎರಡು ಮೂರನ್ನು ಹೆಕ್ಕಿ, ಉಳಿದವರಿಗೆ ಆ ಬಣ್ಣಗಳ ಸಾದಾ ಬಟ್ಟೆ ಹಂಚಿದರೆ ಆಯಿತು. ಒಂದೇ ಬಣ್ಣದಲ್ಲಿ ಒಬ್ಬರಿಗೆ ಗಾಢ, ಒಬ್ಬರಿಗೆ ತಿಳಿ ಇರಲಿ. ಐದು ಜನರಲ್ಲಿ ವಿನ್ಯಾಸದ ಬಟ್ಟೆ ಒಬ್ಬರಿಗೆ, ತಪ್ಪಿದರೆ ಇಬ್ಬರಿಗೆ. ಇಬ್ಬರಾದರೆ ಒಂದು ದೊಡ್ಡ ಹೂವು, ಇನ್ನೊಂದು ಸಣ್ಣ ಹೂವು. ಎಲ್ಲವನ್ನೂ ಹಾಸಿಗೆಯ ಮೇಲೆ, ಯಾರು ಯಾರ ಪಕ್ಕ ಕೂರುತ್ತಾರೋ ಅದೇ ಸಾಲಿನಲ್ಲಿ ಹರಡಿ ಫೋನಿನಲ್ಲಿ ಒಂದು ಫೋಟೋ ತೆಗೆಯಿರಿ. ಆ ಫೋಟೋವನ್ನು ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ ನೋಡಿದಾಗ ಯಾವ ಬಟ್ಟೆ ಕಣ್ಣಿಗೆ ಹೊಡೆಯುತ್ತದೋ ಅದೇ ಕಳ್ಳ. ಅದನ್ನು ಬದಲಾಯಿಸಿ. ಬದಲಾಯಿಸಲಾಗದಿದ್ದರೆ ಹಾಕಿಕೊಂಡವರನ್ನಾದರೂ ನಡುವೆ ಕೂರಿಸಿ. ಅಂಚಿನಲ್ಲಿ ಕೂತ ಕೆಂಪು ಅಂಗಿ ನೋಡುವವರ ಕಣ್ಣನ್ನು ಚೌಕಟ್ಟಿನಿಂದ ಆಚೆಗೇ ಎಳೆದುಕೊಂಡು ಹೋಗುತ್ತದೆ. ಅಂದಹಾಗೆ, ಹಾಸಿಗೆ ಕಿಟಕಿಯ ಹತ್ತಿರವಿರಲಿ. ಅಂಗಡಿಯ ದೀಪದಲ್ಲಿ ಅವಳಿಗಳಂತಿದ್ದ ಎರಡು ನೀಲಿಗಳು ಹಗಲಿನಲ್ಲಿ ದಾಯಾದಿಗಳಾಗುವುದುಂಟು. ಎರಡರ ಬಣ್ಣದ ಪುಡಿ ಬೇರೆಯಾದ್ದರಿಂದ ಬೆಳಕು ಬದಲಾದಂತೆ ಹೊಂದಾಣಿಕೆಯೂ ಬದಲಾಗುತ್ತದೆ.

ಸಣ್ಣ ಗೀರಿನ ಅಂಗಿ ಬೇಡ ಎಂದರೆ ಮನೆಯ ಗಂಡಸರಿಗೆ ಬೇಸರ, ಏಕೆಂದರೆ ಇರುವ ಒಳ್ಳೆಯ ಅಂಗಿ ಅದೊಂದೇ. ಆದರೆ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಚುಕ್ಕೆಗಳೂ ಸಾಲುಸಾಲಾಗಿ ಕೂತಿರುತ್ತವೆ. ಅಂಗಿಯ ಗೀರುಗಳು ಆ ಸಾಲುಗಳಷ್ಟೇ ಒತ್ತಾದಾಗ, ಸೊಳ್ಳೆಪರದೆಯ ಮೇಲೆ ಇನ್ನೊಂದು ಪರದೆ ಹಾಸಿದಂತೆ, ಇಲ್ಲದ ಅಲೆಗಳು ಏಳುತ್ತವೆ. ಅಪ್ಪನ ಎದೆಯ ಮೇಲೆ ಕಾಮನಬಿಲ್ಲಿನ ಬಣ್ಣದ ನೀರು ಹರಿದಂತೆ ಕಾಣುವುದು ಹೀಗೆ. ಅಂಗಿಯನ್ನು ತೂಗುಹಾಕಿ ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ಗೀರುಗಳು ಬಿಡಿಬಿಡಿಯಾಗಿ ಕಾಣದೆ ಒಟ್ಟಾಗಿ ಬೂದುಬಣ್ಣವಾದರೆ ಅದು ಬೀರುವಿನಲ್ಲೇ ಇರಲಿ.

ಕಣ್ಣು ಕುಕ್ಕುವ ಬಣ್ಣಗಳದ್ದು ಬೇರೆ ಚಾಳಿ. ಅವು ತಮ್ಮ ಪಾಡಿಗೆ ಇರುವುದಿಲ್ಲ, ಅಕ್ಕಪಕ್ಕಕ್ಕೆ ಅಂಟುತ್ತವೆ. ಬಟ್ಟೆಗೆ ಬಿದ್ದ ಬೆಳಕು ಅದರ ಬಣ್ಣವನ್ನು ಹೊತ್ತು ಗದ್ದದ ಕೆಳಗೆ ಚಿಮ್ಮುತ್ತದೆ. ಗಿಳಿಹಸಿರು ಹಾಕಿದವರ ಗದ್ದಕ್ಕೆ ಪಾಚಿ ಕಟ್ಟುತ್ತದೆ. ಅಪ್ಪ ಇಂಥ ಅಂಗಿ ತೊಟ್ಟು ಕೂಸನ್ನು ಎದೆಗೆ ಒರಗಿಸಿಕೊಂಡರೆ ಕೂಸಿನ ಅರ್ಧ ಕೆನ್ನೆಯೂ ಹಸಿರು. ಹುಲ್ಲಿನ ಮೇಲೆ ಕೂತರಂತೂ ಹುಲ್ಲು ಕೆಳಗಿನಿಂದ ತನ್ನ ಪಾಲನ್ನು ಸೇರಿಸುತ್ತದೆ. ಇನ್ನು ಹೊಳೆಯುವ ನಯವಾದ ಬಟ್ಟೆ ಫ್ಲ್ಯಾಶ್ ಬೆಳಕನ್ನು ಎಲ್ಲಿ ಉಬ್ಬಿದೆಯೋ ಅಲ್ಲಿಂದಲೇ ತಿರುಗಿಸಿ ಹೊಡೆಯುತ್ತದೆ. ಎಲ್ಲಿ ಉಬ್ಬಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಬಣ್ಣ ಗೆದ್ದವರು ಅಳತೆಯಲ್ಲಿ ಸೋಲುತ್ತಾರೆ. ಕನ್ನಡಿಯ ಮುಂದೆ ನಿಂತು ಆರಿಸುತ್ತೇವೆ, ಕ್ಯಾಮೆರಾದ ಮುಂದೆ ಕೂರುತ್ತೇವೆ. ಕೂತ ಕೂಡಲೇ ಮಗುವಿನ ಕಾಲರ್ ಕಿವಿಯವರೆಗೆ ಏರಿ ಕತ್ತು ಮಾಯವಾಗುತ್ತದೆ, ಪ್ಯಾಂಟು ಮೊಣಕಾಲಿನತ್ತ ಸರಿದು ಕಾಲುಚೀಲದ ಕಾರ್ಟೂನು ಬಯಲಾಗುತ್ತದೆ, ಗುಂಡಿಗಳ ನಡುವೆ ಕಿಟಕಿಗಳು ತೆರೆದುಕೊಂಡು ಒಳಗಿನ ಬನಿಯನ್ ಇಣುಕುತ್ತದೆ. ಅದಕ್ಕೇ ಮನೆಯಲ್ಲೇ ಕೂರಿಸಿ, ಎತ್ತಿಕೊಂಡು, ಕೈ ಮೇಲೆತ್ತಿಸಿ ನೋಡಬೇಕು. ಬೆಳೆಯುವ ಮಗು ಎಂದು ಎರಡು ಅಳತೆ ದೊಡ್ಡದು ಕೊಂಡರೆ ಬೆಳೆದ ಮೇಲೆಯೇ ಫೋಟೋ ತೆಗೆಸುವುದು ವಾಸಿ. ಭುಜದ ಹೊಲಿಗೆ ಭುಜದ ಮೂಳೆಯ ಮೇಲೆಯೇ ಇರಬೇಕು. ಉದ್ದ ಹೆಚ್ಚಾದರೆ ಒಳಗಡೆ ಮಡಚಿ ಟಾಕು ಹಾಕಬಹುದು, ಭುಜ ಜಾರಿದರೆ ಏನೂ ಮಾಡಲಾಗದು. ನೆಲದ ಮೇಲೆ ಕಾಲು ಚಾಚಿ ಕೂರುವ ಮಗುವಿನ ಶೂಗಳಲ್ಲಿ ಕ್ಯಾಮೆರಾಗೆ ಕಾಣುವುದು ಅಟ್ಟೆ ಮಾತ್ರ, ಅದರ ಮೇಲಿನ ಬೆಲೆಯ ಚೀಟಿ ಸಹಿತ. ಬರಿಗಾಲಿನಲ್ಲೇ ಕೂರಿಸುವುದಾದರೆ ಕಾಲುಚೀಲವನ್ನು ಅರ್ಧ ಗಂಟೆ ಮುಂಚೆಯೇ ತೆಗೆದುಬಿಡಿ, ಎಲಾಸ್ಟಿಕ್ಕಿನ ಗೆರೆ ಅಷ್ಟು ಬೇಗ ಮಾಯುವುದಿಲ್ಲ. ತಿಳಿಬಣ್ಣದ ಬಟ್ಟೆಯ ಒಳಗೆ ಬಿಳಿಯಲ್ಲ, ಮೈಬಣ್ಣಕ್ಕೆ ಹತ್ತಿರದ ಒಳಉಡುಪು ಇರಬೇಕು. ಬಿಸಿಲಿಗೆ ಕಪ್ಪಾಗುವ ಕನ್ನಡಕ ಹೊರಾಂಗಣದಲ್ಲಿ ಅಜ್ಜನನ್ನು ಗೂಢಚಾರನನ್ನಾಗಿಸುತ್ತದೆ, ಹಾಗಾಗಿ ಸಾದಾ ಗಾಜಿನದೊಂದು ಜೊತೆಗಿರಲಿ. ಜೇಬಿನಿಂದ ಫೋನು, ಬೀಗದ ಕೈ ಹೊರಗೆ. ಮಣಿಕಟ್ಟಿನಿಂದ ಕೂದಲಿನ ರಬ್ಬರು ಹೊರಗೆ.

ಹೊಸ ಬಟ್ಟೆಯನ್ನು ಒಮ್ಮೆ ಒಗೆಯದೆ ತೊಡಿಸಿದರೆ ಪೊಟ್ಟಣದ ಮಡಿಕೆ ಎದೆಯ ಮೇಲೆ ಅಡ್ಡ ಉದ್ದ ಗೆರೆಯಾಗಿ ಉಳಿಯುತ್ತದೆ, ಕತ್ತಿನ ಹಿಂದಿನ ಚೀಟಿ ಚುಚ್ಚಿ ಮಗು ಪ್ರತಿ ಫೋಟೋದಲ್ಲೂ ಆಕಾಶ ನೋಡುತ್ತದೆ. ಆ ಚೀಟಿಯನ್ನು ಹೊಲಿಗೆ ಬಿಚ್ಚಿ ತೆಗೆಯಿರಿ, ಕತ್ತರಿಸಿ ಬಿಟ್ಟ ತುಂಡು ಇನ್ನೂ ಹೆಚ್ಚು ಚುಚ್ಚುತ್ತದೆ. ಇಸ್ತ್ರಿಯಾದ ಬಟ್ಟೆ ಹ್ಯಾಂಗರ್‌ನಲ್ಲೇ ಪ್ರಯಾಣ ಮಾಡಲಿ, ತೊಡಿಸುವುದು ಫೋಟೋಗೆ ಹತ್ತು ನಿಮಿಷ ಮುಂಚೆ. ಅಲ್ಲಿಯವರೆಗೆ ಹಳೆಯ ಬಟ್ಟೆ, ಕೂಸಿಗೆ ಜೊಲ್ಲುಬಟ್ಟೆ. ಚೀಲದಲ್ಲಿ ಬದಲಿ ಅಂಗಿ ಇಡಲು ಯಾರೂ ಮರೆಯುವುದಿಲ್ಲ. ಮರೆಯುವುದು ಆ ಬದಲಿಯೂ ಅದೇ ಬಣ್ಣದ್ದಾಗಿರಬೇಕು ಎಂಬುದನ್ನು. ಎಲ್ಲರೂ ಕೂತು, ಬೆಳಕು ಸರಿಹೋಗಿ, ಫೋಟೋಗ್ರಾಫರ್ ‘ಇಲ್ಲಿ ನೋಡಿ’ ಎನ್ನುವ ಹೊತ್ತಿಗೆ ಕೂಸು ಕುಡಿದ ಹಾಲನ್ನೆಲ್ಲ ವಾಪಸು ಮಾಡುತ್ತದೆ. ಅಮ್ಮ ಚೀಲಕ್ಕೆ ಕೈ ಹಾಕುತ್ತಾಳೆ. ಹೊರಬರುವುದು ಡೈನೋಸಾರ್.