ದಿನಸಿ ಮೇಲೂ ಬಡ್ಡಿ ಬೀಳುತ್ತೆ ಅಂತ ಫೋನಿನಲ್ಲೇ ಹೇಳಬೇಕಿತ್ತು

ಅಕ್ಕಿ, ಬೇಳೆ, ಎಣ್ಣೆ, ಸ್ಕೂಟರಿಗೆ ಹಾಕಿಸಿದ ಪೆಟ್ರೋಲ್. ಇವುಗಳ ಮೇಲೆ ನನ್ನ ಕ್ರೆಡಿಟ್ ಕಾರ್ಡಿನ ಬ್ಯಾಂಕಿನವರು ತಿಂಗಳಿಗೆ 3.5% ಬಡ್ಡಿ ಹಾಕಿದ್ದಾರೆ. ನಾನು ಬಿಲ್ ಕಟ್ಟಲಿಲ್ಲ ಅಂತಲ್ಲ. ಗಡುವಿಗೆ ಮುಂಚೆಯೇ ಇಪ್ಪತ್ತು ಸಾವಿರ ಕಟ್ಟಿದ್ದೇನೆ. ಆ ತಿಂಗಳು ಮನೆ ಸಾಮಾನು, ಪೆಟ್ರೋಲ್, ಮಗನ ಪುಸ್ತಕ ಎಲ್ಲ ಸೇರಿ ಕಾರ್ಡಿನಲ್ಲಿ ಖರ್ಚಾಗಿದ್ದು ₹12,400. ಇಪ್ಪತ್ತು ಸಾವಿರ ಕಟ್ಟಿದ ಮೇಲೂ ಆ ಹನ್ನೆರಡು ಸಾವಿರದ ನಾನೂರು ಒಂದು ರೂಪಾಯಿಯೂ ಕಡಿಮೆಯಾಗದೆ ಹಾಗೇ ಬಾಕಿ ನಿಂತಿದೆಯಂತೆ. ಅದಕ್ಕೆ ₹642 ಬಡ್ಡಿ. ಬಡ್ಡಿಯ ಮೇಲೆ 18% ಜಿಎಸ್‌ಟಿ, ₹116. ಇದು ಹೇಗೆ ಅಂತ ಹಾಸನದ ಶಾಖೆಯಲ್ಲಿ ಕೇಳಿದರೆ ಗೊತ್ತಿಲ್ಲ, ಫೋನ್ ಮಾಡಿದರೆ ಉತ್ತರವಿಲ್ಲ. ಕೊನೆಗೆ ಅವರ ನಿಯಮದ ಕಾಗದವನ್ನು ನಾನೇ ಕೂತು ಓದಿ ಅರ್ಥ ಮಾಡಿಕೊಳ್ಳಬೇಕಾಯಿತು.

ವಿಷಯ ಇಷ್ಟು. ಅತ್ತೆಯ ಮಂಡಿ ಆಪರೇಷನ್ ಆದಾಗ ವಿಮೆ ಕೊಟ್ಟಿದ್ದು ಹೋಗಿ ಉಳಿದ ಹಣವನ್ನು ನನ್ನ ಹಳೇ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದೆವು. ಎಂಬತ್ತು ಸಾವಿರ. ಖಾಸಗಿ ಶಾಲೆಯ ಸಂಬಳದಲ್ಲಿ ಅಷ್ಟನ್ನು ಒಂದೇ ಸಲ ತೀರಿಸಲು ಆಗುತ್ತಾ? ಬಡ್ಡಿ ಓಡೋಕೆ ಶುರುವಾಯಿತು. ಅಷ್ಟರಲ್ಲಿ ಇನ್ನೊಂದು ಬ್ಯಾಂಕಿನಿಂದ ಫೋನ್. ಆ ಬ್ಯಾಂಕಿನ ಕಾರ್ಡೂ ನನ್ನ ಹತ್ತಿರ ಇತ್ತು, ಒಂದು ಲಕ್ಷದ ಲಿಮಿಟ್, ಜಾಸ್ತಿ ಬಳಸುತ್ತಿರಲಿಲ್ಲ. "ಮೇಡಂ, ನಿಮ್ಮ ಆ ಕಾರ್ಡಿನ ಬಾಕಿನ ನಮ್ಮ ಕಾರ್ಡಿಗೆ ಹಾಕ್ಕೊಳ್ಳಿ, ಬ್ಯಾಲೆನ್ಸ್ ಟ್ರಾನ್ಸ್‌ಫರ್ ಅಂತ, ತಿಂಗಳಿಗೆ ಒಂದೂಕಾಲು ಪರ್ಸೆಂಟ್ ಅಷ್ಟೇ, ಆರು ತಿಂಗಳು ಆರಾಮಾಗಿ ಕಟ್ಟಿ." ಕಾರ್ಡನ್ನು ಮಾಮೂಲಿ ಥರ ಬಳಸಬಹುದಾ ಅಂತ ನಾನು ಕೇಳಿದೆ. ಬಾಯಿ ಬಿಟ್ಟು ಕೇಳಿದೆ. "ಧಾರಾಳವಾಗಿ ಬಳಸಿ ಮೇಡಂ, ರಿವಾರ್ಡ್ ಪಾಯಿಂಟೂ ಬರುತ್ತೆ" ಅಂದಳು ಆ ಹುಡುಗಿ. ಆ ಹುಡುಗಿಯ ಮೇಲೆ ನನಗೆ ಕೋಪ ಇಲ್ಲ, ಅವಳ ಮುಂದೆ ಇಟ್ಟಿದ್ದನ್ನು ಅವಳು ಓದಿದಳು. ಓದಲು ಕೊಟ್ಟವರ ಮೇಲೆ ಕೋಪ.

ಅಂದಹಾಗೆ ಆ ಫೋನ್ ಬಂದಿದ್ದು ರಾತ್ರಿ ಎಂಟರ ಮೇಲೆ. ಕಾರ್ಡ್ ಮಾರುವ ಫೋನುಗಳು ಬೆಳಗ್ಗೆ 10ರಿಂದ ಸಂಜೆ 7ರ ಒಳಗೆ ಮಾತ್ರ ಬರಬೇಕು ಅಂತ ರಿಸರ್ವ್ ಬ್ಯಾಂಕ್ ತನ್ನ ನಿಯಮದಲ್ಲೇ ಬರೆದಿದೆ. ಅದನ್ನೂ ಯಾರೂ ಕೇಳೋರಿಲ್ಲ.

ಮೊದಲು ಶುಲ್ಕ. ಎಂಬತ್ತು ಸಾವಿರಕ್ಕೆ 2% ಅಂದರೆ ₹1,600, ಅದಕ್ಕೆ ಜಿಎಸ್‌ಟಿ ₹288. ಒಟ್ಟು ₹1,888. ಇದನ್ನು ಫೋನಿನಲ್ಲಿ "ಚಿಕ್ಕ ಪ್ರೊಸೆಸಿಂಗ್ ಫೀ" ಅಂತ ಹೇಳಿದ್ದರು, ಒಪ್ಪಿದ್ದೆ. ಅದರ ಬಗ್ಗೆ ತಕರಾರಿಲ್ಲ.

ಆಮೇಲೆ ಹಳೇ ಕಾರ್ಡಿನ ಕಥೆ. ಎರಡು ಮೂರು ದಿನದಲ್ಲಿ ಅಲ್ಲಿಗೆ ದುಡ್ಡು ಹೋಗುತ್ತೆ ಅಂದಿದ್ದರು. ಹೋಗಲಿಲ್ಲ. ಹತ್ತು ದಿನ ದಾಟಿತು. ಅಲ್ಲಿ 3.5% ಲೆಕ್ಕದಲ್ಲಿ ಎಂಬತ್ತು ಸಾವಿರಕ್ಕೆ ದಿನಕ್ಕೆ 92 ರೂಪಾಯಿ ಬಡ್ಡಿ ಓಡುತ್ತಿರುತ್ತೆ, ಭಾನುವಾರ ಇಲ್ಲ, ಹಬ್ಬ ಇಲ್ಲ. ದುಡ್ಡು ಹೋದಾಗಲೂ ಇವರು ಕಟ್ಟಿದ್ದು ಸರಿಯಾಗಿ ಎಂಬತ್ತು ಸಾವಿರ ಮಾತ್ರ. ಮಧ್ಯದಲ್ಲಿ ಬೆಳೆದ ಬಡ್ಡಿ ಮತ್ತು ಅದರ ಜಿಎಸ್‌ಟಿ ಸೇರಿ ಸಾವಿರ ದಾಟಿದ್ದು ಹಳೇ ಕಾರ್ಡಿನ ಮುಂದಿನ ಬಿಲ್ಲಿಗೆ ಬಂತು. ತೀರಿತು ಅಂದುಕೊಂಡ ಕಾರ್ಡಿಗೆ ಮತ್ತೆ ಬಿಲ್. ತಡ ಮಾಡಿದ್ದು ಅವರು, ದಿನದ 92 ರೂಪಾಯಿ ಕೊಟ್ಟಿದ್ದು ನಾನು. ಅದನ್ನೂ ಕಟ್ಟಿ ಸುಮ್ಮನಾದೆ.

ಈಗ ದಿನಸಿಯ ವಿಷಯಕ್ಕೆ ಬರುತ್ತೇನೆ, ಇದೇ ನನ್ನ ಹೊಟ್ಟೆ ಉರಿಸುತ್ತಿರೋದು.

ಕ್ರೆಡಿಟ್ ಕಾರ್ಡ್ ಇರುವವರಿಗೆಲ್ಲ ಗೊತ್ತು, ಸಾಮಾನು ತೆಗೆದುಕೊಂಡರೆ ಬಿಲ್ಲಿನ ಗಡುವಿನ ತನಕ ಬಡ್ಡಿ ಇರಲ್ಲ. ಪೂರ್ತಿ ಕಟ್ಟಿದರೆ ಸೊನ್ನೆ ಬಡ್ಡಿ. ಆದರೆ ಹಿಂದಿನ ತಿಂಗಳ ಬಿಲ್ಲಿನಲ್ಲಿ ಬಾಕಿ ಉಳಿಸಿಕೊಂಡರೆ ಈ ಬಡ್ಡಿ ಇಲ್ಲದ ಅವಧಿ ಹೋಗುತ್ತೆ. ಆಮೇಲೆ ತೆಗೆದುಕೊಂಡ ಒಂದೊಂದು ಸಾಮಾನಿಗೂ ತೆಗೆದುಕೊಂಡ ದಿನದಿಂದಲೇ ಬಡ್ಡಿ. ಇದು ನನಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದಿದ್ದು ಏನೆಂದರೆ, ಆರು ತಿಂಗಳು ಟೈಮ್ ಕೊಟ್ಟು ಇವರೇ ತಂದು ಹಾಕಿದ ಎಂಬತ್ತು ಸಾವಿರವನ್ನೂ ಇವರು ಮೊದಲ ತಿಂಗಳ ಬಿಲ್ಲಿನಲ್ಲಿ ಪೂರ್ತಿಯಾಗಿ ಸೇರಿಸಿ, ಅದನ್ನು ನಾನು ಆ ತಿಂಗಳೇ ಪೂರ್ತಿ ಕಟ್ಟಲಿಲ್ಲ ಅಂತ, ಬಾಕಿ ಉಳಿಸಿಕೊಂಡವಳು ಅಂತ ಲೆಕ್ಕ ಹಾಕುತ್ತಾರೆ ಅನ್ನೋದು. ಆರು ತಿಂಗಳಲ್ಲಿ ಕಟ್ಟಿ ಅಂತ ಹೇಳಿದವರು ಯಾರು? ನೀವೇ. ಒಂದೇ ತಿಂಗಳಲ್ಲಿ ಕಟ್ಟಲಿಲ್ಲ ಅಂತ ದಿನಸಿಗೆ ಬಡ್ಡಿ ಹಾಕಿದವರು ಯಾರು? ಅದೂ ನೀವೇ. ಒಂದೇ ತಿಂಗಳಲ್ಲಿ ಎಂಬತ್ತು ಸಾವಿರ ಕಟ್ಟುವ ಶಕ್ತಿ ನನಗಿದ್ದರೆ ಈ ಟ್ರಾನ್ಸ್‌ಫರ್ ಯಾಕೆ ಬೇಕಿತ್ತು?

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕಟ್ಟಿದ ದುಡ್ಡು ಮೊದಲು ಎಲ್ಲಿಗೆ ಹೋಗುತ್ತೆ ಅನ್ನೋದು. ಅವರ ನಿಯಮದ ಕಾಗದದಲ್ಲಿ ಒಂದು ಸಾಲಿದೆ, ಅಕ್ಷರ ಎಷ್ಟು ಸಣ್ಣದು ಅಂದರೆ ಮೊಬೈಲಿನಲ್ಲಿ ಎರಡು ಬೆರಳಿಟ್ಟು ಹಿಗ್ಗಿಸಿದರೆ ಮಾತ್ರ ಕಾಣುತ್ತೆ. ಕಟ್ಟಿದ ಹಣ ಮೊದಲು ತೆರಿಗೆಗೆ, ಆಮೇಲೆ ಶುಲ್ಕಕ್ಕೆ, ಆಮೇಲೆ ಬಡ್ಡಿಗೆ, ಆಮೇಲೆ ಬ್ಯಾಲೆನ್ಸ್ ಟ್ರಾನ್ಸ್‌ಫರ್ ಬಾಕಿಗೆ, ಅದೆಲ್ಲ ಮುಗಿದ ಮೇಲೆ ಖರೀದಿಗೆ. ಅಂದರೆ ನಾನು ಕಟ್ಟಿದ ಇಪ್ಪತ್ತು ಸಾವಿರದಲ್ಲಿ ಮೊದಲು ₹1,888 ಶುಲ್ಕಕ್ಕೆ ಹೋಯಿತು. ಟ್ರಾನ್ಸ್‌ಫರಿನ ಬಡ್ಡಿ ಸಾವಿರ, ಅದರ ಜಿಎಸ್‌ಟಿ 180. ಉಳಿದ ಹದಿನಾರು ಸಾವಿರದ ಒಂಬೈನೂರು ಚಿಲ್ಲರೆ ಪೂರ್ತಿಯಾಗಿ ಆ ಎಂಬತ್ತು ಸಾವಿರಕ್ಕೆ ಹೋಯಿತು. 1.25% ಬಡ್ಡಿ ಇರೋ ಬಾಕಿ ಕರಗಿತು, 3.5% ಬಡ್ಡಿ ಇರೋ ದಿನಸಿ ಬಾಕಿಗೆ ಒಂದು ಪೈಸೆ ಸೇರಲಿಲ್ಲ.

ಕಡಿಮೆ ಬಡ್ಡಿಯ ಸಾಲ ಮೊದಲು ತೀರಬೇಕು, ಜಾಸ್ತಿ ಬಡ್ಡಿಯದು ಕೊನೆಗೆ. ಯಾರಿಗೆ ಲಾಭ ಇದು? ಊರಲ್ಲಿ ಯಾವ ಸಾಲಗಾರ ತಾನಾಗಿ ಈ ಥರ ಸಾಲ ತೀರಿಸುತ್ತಾನೆ? ಎರಡು ಕಡೆ ಸಾಲ ಇದ್ದರೆ ಜಾಸ್ತಿ ಬಡ್ಡಿ ಕಡೆಗೆ ಮೊದಲು ಕೊಡ್ತೀವಿ ಅಲ್ವಾ? ಈ ಹಣ ಖರೀದಿಗೆ ಅಂತ ಹೇಳಿ ಕಟ್ಟೋಣ ಅಂದರೆ ಆ್ಯಪಿನಲ್ಲಿ ಅಂಥ ಜಾಗವೇ ಇಲ್ಲ. ಮೊತ್ತ ಹಾಕು, ಕಟ್ಟು, ಅಷ್ಟೇ. ಹೀಗಾಗಿ ಎಂಬತ್ತು ಸಾವಿರ ಪೂರ್ತಿ ತೀರುವ ತನಕ ನಾನು ಆ ಕಾರ್ಡಿನಲ್ಲಿ ಕಟ್ಟಿನಕೆರೆ ಮಾರ್ಕೆಟ್ ಹತ್ತಿರ ತೆಗೆದುಕೊಂಡ ಒಂದು ಎಣ್ಣೆ ಕ್ಯಾನಿಗೂ ವರ್ಷಕ್ಕೆ 42% ಲೆಕ್ಕದಲ್ಲಿ ಬಡ್ಡಿ ಬೀಳುತ್ತಲೇ ಇರುತ್ತೆ. ವರ್ಷಕ್ಕೆ ನಲವತ್ತೆರಡು! ಒಡವೆ ಅಡ ಇಟ್ಟರೂ ಇಷ್ಟು ಬಡ್ಡಿ ಇಲ್ಲ.

"ಆರಾಮಾಗಿ ಕಟ್ಟಿ" ಅನ್ನೋ ಮಾತನ್ನು ನಂಬಿ ಬಿಲ್ಲಿನಲ್ಲಿ ತೋರಿಸೋ ಕನಿಷ್ಠ ಮೊತ್ತವನ್ನೇ ಕಟ್ಟುತ್ತಾ ಹೋದವರ ಗತಿ ಏನು ಅಂತ ಲೆಕ್ಕ ಹಾಕಿ ನೋಡಿದೆ. ತಿಂಗಳಿಗೆ ಅಸಲಿನಲ್ಲಿ 5% ಕಡಿಮೆಯಾಗುತ್ತಾ ಹೋದರೆ ಆರು ತಿಂಗಳ ಕೊನೆಗೂ ಐವತ್ತೆಂಟು ಸಾವಿರಕ್ಕಿಂತ ಜಾಸ್ತಿ ಉಳಿದಿರುತ್ತೆ. ಏಳನೇ ತಿಂಗಳಿಂದ ಅದಕ್ಕೂ 3.5%. ಹಳೇ ಕಾರ್ಡಿನಲ್ಲಿ ಎಷ್ಟು ಬಡ್ಡಿ ಇತ್ತೋ ಅಷ್ಟೇ. ಮಧ್ಯದಲ್ಲಿ ಶುಲ್ಕ ದಂಡ.

ಶಾಖೆಗೆ ಹೋದೆ. ಬಿ.ಎಂ. ರಸ್ತೆಯಲ್ಲಿ ದೊಡ್ಡ ಬೋರ್ಡು, ಒಳಗೆ ಎಸಿ, ಟೋಕನ್ ಮಷಿನ್ ಎಲ್ಲ ಇದೆ. ಕೌಂಟರಿನವರು ಬಿಲ್ ಕೈಗೆ ತೆಗೆದುಕೊಂಡು ನೋಡಲೂ ಇಲ್ಲ. "ಕಾರ್ಡಿನ ವಿಭಾಗ ಬೇರೆ ಮೇಡಂ, ಅದು ನಮಗೆ ಬರಲ್ಲ, ಕಸ್ಟಮರ್ ಕೇರಿಗೆ ಮಾಡಿ." ಹಾಗಾದರೆ ಇದೇ ಶಾಖೆಯ ಬಾಗಿಲಲ್ಲಿ ಮೇಜು ಹಾಕಿಕೊಂಡು ಟೈ ಕಟ್ಟಿದ ಹುಡುಗರು ಬಂದವರನ್ನೆಲ್ಲ ನಿಲ್ಲಿಸಿ ಕಾರ್ಡ್ ಕೊಡುತ್ತಿದ್ದರಲ್ಲ, ಆಗ ನಿಮಗೆ ಬರುತ್ತಿತ್ತಾ? ನನ್ನ ಪಕ್ಕದಲ್ಲಿ ಶಾಂತಿಗ್ರಾಮದ ಕಡೆಯವರು, ವಯಸ್ಸಾದವರು, ಅವರ ಕೈಯಲ್ಲೂ ಕಾರ್ಡಿನ ಬಿಲ್. ಅವರಿಗೂ ಅದೇ ಉತ್ತರ. ಅವರು ಯಾವ ಆ್ಯಪಿನಲ್ಲಿ ಹುಡುಕಬೇಕು ಹೇಳಿ? ಬಿಲ್ ಮಡಚಿ ಜೇಬಿಗಿಟ್ಟುಕೊಂಡು ಹೋದರು, ನನಗೆ ಅಲ್ಲೇ ಕೂಗಾಡಬೇಕು ಅನ್ನಿಸಿತು.

ಕಸ್ಟಮರ್ ಕೇರಿನಲ್ಲಿ ಕನ್ನಡಕ್ಕೆ ಒಂದು ನಂಬರ್ ಒತ್ತಿ ಅನ್ನುತ್ತೆ. ಒತ್ತಿದರೆ ಬರೀ ಸಂಗೀತ, ಆಮೇಲೆ ಹಿಂದಿಯವರು ಎತ್ತುತ್ತಾರೆ. ಅವರು ಕೊಟ್ಟ ಉತ್ತರ ಒಂದೇ: ನಿಯಮದ ಕಾಗದದಲ್ಲಿ ಇದೆ, ನೀವು ಒಪ್ಪಿಕೊಂಡಿದ್ದೀರಿ. ಒಪ್ಪಿಕೊಂಡಿದ್ದು ಹೇಗೆ? ಫೋನ್ ನಡೆಯುತ್ತಿರುವಾಗಲೇ ಬಂದ ಒಟಿಪಿ ಹೇಳಿ. ಆ ಕಾಗದ ಇಮೇಲಿಗೆ ಬಂದಿದ್ದು ದುಡ್ಡು ವರ್ಗಾವಣೆ ಆದ ಮೇಲೆ, ಅದೂ ಪೂರ್ತಿ ಇಂಗ್ಲಿಷಿನಲ್ಲಿ. ಷರತ್ತುಗಳು ಗ್ರಾಹಕರಿಗೆ ಅರ್ಥವಾಗುವ ಸರಳ ಮಾತಿನಲ್ಲಿರಬೇಕು, ಆದಷ್ಟು ಇಂಗ್ಲಿಷ್, ಹಿಂದಿ ಮತ್ತು ಸ್ಥಳೀಯ ಭಾಷೆಯಲ್ಲಿರಬೇಕು ಅಂತ ರಿಸರ್ವ್ ಬ್ಯಾಂಕಿನ ಅದೇ ನಿಯಮ ಹೇಳುತ್ತೆ. ಬಾಕಿ ಉಳಿದರೆ ಬಡ್ಡಿ ಇಲ್ಲದ ಅವಧಿ ಹೋಗುತ್ತೆ ಅನ್ನೋದನ್ನು ಬಿಡಿಸಿ ಹೇಳಬೇಕು ಅಂತಲೂ ಇದೆ. ಸಾಲ ಮಾರುವಾಗ ಕನ್ನಡ ಚೆನ್ನಾಗೇ ಬರುತ್ತಿತ್ತು. ಷರತ್ತು ಹೇಳುವಾಗ ಯಾಕೆ ಬರಲ್ಲ?

ನಮ್ಮ ಬೀದಿಯ ಮಹಿಳಾ ಸಂಘದಲ್ಲಿ ಹತ್ತು ಸಾವಿರ ಕೊಡಬೇಕಾದರೂ ಎಲ್ಲರ ಮುಂದೆ ಅಸಲು ಎಷ್ಟು, ಬಡ್ಡಿ ಎಷ್ಟು, ಕಂತು ಎಷ್ಟು ಅಂತ ಪುಸ್ತಕದಲ್ಲಿ ಬರೆದು ಓದಿ ಹೇಳಿ ಆಮೇಲೆ ಸಹಿ ಹಾಕಿಸುತ್ತಾರೆ. ಆ ಅಕ್ಕಂದಿರಲ್ಲಿ ಎಷ್ಟೋ ಜನ ಹೈಸ್ಕೂಲ್ ಮುಗಿಸಿಲ್ಲ. ಅವರಿಂದ ಆಗುವುದು ದೇಶದ ತುಂಬ ಶಾಖೆ ಇರೋ ಬ್ಯಾಂಕಿನಿಂದ ಯಾಕೆ ಆಗಲ್ಲ?

ಮೊನ್ನೆ ಇದನ್ನು ಸಕಲೇಶಪುರದ ನನ್ನ ಚಿಕ್ಕಪ್ಪನ ಮಗನಿಗೆ ಹೇಳಿದೆ. ಅವನದು ಸಣ್ಣ ಕಾಫಿ ತೋಟ. ಹಣ್ಣು ಕೊಯ್ಯೋ ಟೈಮಿಗೆ ಆಳುಗಳಿಗೆ ಕೂಲಿ ಕೊಡಬೇಕು, ಕಾಫಿ ಮಾರಿ ದುಡ್ಡು ಬರೋದು ಆಮೇಲೆ. "ಅಕ್ಕ, ನನಗೂ ಇದೇ ಫೋನ್ ಬಂದಿತ್ತು, ನಾನೂ ತಗೊಂಡೆ, ಗೊಬ್ಬರನೂ ಅದೇ ಕಾರ್ಡಲ್ಲೇ ತಂದೆ" ಅಂದ. ಬಿಲ್ ತೆಗೆದು ನೋಡು ಅಂದೆ. ನೋಡಿದ. ಗೊಬ್ಬರಕ್ಕೂ ತಂದ ದಿನದಿಂದಲೇ ಬಡ್ಡಿ. ಅಲ್ಲಿ ತನಕ ಅವನಿಗೆ ಅದು ಗೊತ್ತೇ ಆಗಿರಲಿಲ್ಲ, ಬಿಲ್ಲಿನಲ್ಲಿ ಇಂಗ್ಲಿಷಿನಲ್ಲಿ "ಫೈನಾನ್ಸ್ ಚಾರ್ಜಸ್" ಅಂತ ಒಂದು ಸಾಲು, ಯಾವ ಸಾಮಾನಿಗೆ ಎಷ್ಟು ಅಂತ ಇಲ್ಲ.

ಬಡ್ಡಿಗೆ ಒಂದು ಮಿತಿ ಇತ್ತು, ಅದೂ ಹೋಯಿತು. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ, ಗಡುವಿಗೆ ಪೂರ್ತಿ ಕಟ್ಟದವರಿಂದ ವರ್ಷಕ್ಕೆ 30%ಗಿಂತ ಜಾಸ್ತಿ ಬಡ್ಡಿ ವಸೂಲಿ ಮಾಡೋದು ಅನ್ಯಾಯದ ವ್ಯಾಪಾರ ಅಂತ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ದರ ಎಷ್ಟಿರಬೇಕು ಅನ್ನೋದು ಬ್ಯಾಂಕಿನ ಕೈಯಲ್ಲಿದೆ ಅಂತಾದರೆ, ಆ ದರ ಯಾವುದರ ಮೇಲೆ ಬೀಳುತ್ತೆ ಅಂತ ಮೊದಲೇ ಬಾಯಿ ಬಿಟ್ಟು ಹೇಳೋ ಜವಾಬ್ದಾರಿಯಾದರೂ ಇರಬೇಕಲ್ಲ.

ಇಂಥ ಫೋನ್ ನಿಮಗೂ ಬಂದರೆ ಮೊದಲು ಇದನ್ನು ಕೇಳಿ: ಈ ಬಾಕಿಯನ್ನು ಕಂತಿನಲ್ಲಿ ಹಾಕ್ತೀರಾ ಅಥವಾ ಇಡೀ ಮೊತ್ತವನ್ನು ಒಂದೇ ಬಿಲ್ಲಿನಲ್ಲಿ ತೋರಿಸ್ತೀರಾ? ಇಎಂಐ ಥರದ್ದಾದರೆ ಬಿಲ್ಲಿಗೆ ಆ ತಿಂಗಳ ಕಂತು ಮಾತ್ರ ಬರುತ್ತೆ, ಬಿಲ್ ಪೂರ್ತಿ ಕಟ್ಟಿದರೆ ಸಾಮಾನಿನ ಮೇಲೆ ಬಡ್ಡಿ ಬೀಳಲ್ಲ. ನನಗೆ ಹಾಕಿದ ಥರದ್ದಾದರೆ ಅದು ತೀರುವ ತನಕ ಆ ಕಾರ್ಡಿನಲ್ಲಿ ಒಂದು ಬೆಂಕಿಪೊಟ್ಟಣವನ್ನೂ ತರಬೇಡಿ. ಉತ್ತರವನ್ನು ಇಮೇಲಿನಲ್ಲಿ ಬರೆದು ಕಳಿಸಿ ಅಂತ ಕೇಳಿ. ಕಳಿಸಲ್ಲ ಅಂದರೆ ಫೋನ್ ಇಟ್ಟುಬಿಡಿ.

ಬ್ಯಾಂಕಿಗೆ ಲಿಖಿತ ದೂರು ಕೊಟ್ಟಿದ್ದೇನೆ. ದಿನಸಿ ಮೇಲೆ ಹಾಕಿದ ಬಡ್ಡಿ, ಅದರ ಜಿಎಸ್‌ಟಿ ವಾಪಸ್ ಬೇಕು. ತಡ ಮಾಡಿದ್ದಕ್ಕೆ ಹಳೇ ಕಾರ್ಡಿನಲ್ಲಿ ನಾನು ಕಟ್ಟಿದ್ದು ವಾಪಸ್ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಆ ಫೋನಿನ ರೆಕಾರ್ಡಿಂಗ್ ಬೇಕು. ಫೋನ್ ಶುರುವಾದಾಗ ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ ಅಂತ ಹೇಳಿದ್ದು ಅವರೇ. ಕಾರ್ಡನ್ನು ಮಾಮೂಲಿ ಥರ ಬಳಸಬಹುದಾ ಅಂತ ನಾನು ಕೇಳಿದ್ದು, ಧಾರಾಳವಾಗಿ ಬಳಸಿ ಅಂತ ಅವರು ಹೇಳಿದ್ದು, ಎರಡೂ ಅದರಲ್ಲಿದೆ. ಕೇಳಿದರೆ "ಆಂತರಿಕ ಬಳಕೆಗೆ ಮಾತ್ರ" ಅಂತಾರೆ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳೋ ರಿಸರ್ವ್ ಬ್ಯಾಂಕಿನ ಅಧಿಕಾರಿ, ಓಂಬುಡ್ಸ್‌ಮನ್ ಹತ್ತಿರ ಹೋಗುತ್ತೇನೆ. ಅದಕ್ಕೆ ಶುಲ್ಕ ಇಲ್ಲ, ವಕೀಲರು ಬೇಕಿಲ್ಲ, ಕನ್ನಡದಲ್ಲೇ ಬರೆದು ಕಳಿಸಬಹುದು. ಬಿಲ್ಲು, ಇಮೇಲು, ದೂರಿನ ನಂಬರ್ ಎಲ್ಲ ಒಂದು ಫೈಲಿನಲ್ಲಿ ಹಾಕಿಟ್ಟಿದ್ದೇನೆ, ತಮ್ಮನ ಬಿಲ್ಲುಗಳನ್ನೂ ತರಿಸಿಕೊಂಡಿದ್ದೇನೆ. ಹಾಸನ, ಸಕಲೇಶಪುರ, ಅರಸೀಕೆರೆ ಕಡೆ ಯಾರಿಗಾದರೂ ಇದೇ ಥರ ಆಗಿದ್ದರೆ ನಿಮ್ಮ ಬಿಲ್ಲಿನಲ್ಲಿ ಕಟ್ಟಿದ ಹಣ ಯಾವುದಕ್ಕೆ ಹೋಗಿದೆ ಅಂತ ಇವತ್ತೇ ನೋಡಿ, ನೀವೂ ದೂರು ಕೊಡಿ.