ನಾಯಿಗೆ ಸಮಾಧಿ, ಹೋಟೆಲಿಗೆ ಗಿರಾಕಿ

ಉತ್ತರ ವೇಲ್ಸ್‌ನ ಬೆಟ್ಟಗಳ ನಡುವೆ ಬೆದ್‌ಗೆಲರ್ಟ್ ಅಂತ ಒಂದು ಪುಟ್ಟ ಊರಿದೆ. ವೆಲ್ಷ್ ಭಾಷೆಯಲ್ಲಿ ‘ಬೆದ್’ ಅಂದರೆ ಸಮಾಧಿ. ಗೆಲರ್ಟ್‌ನ ಸಮಾಧಿ ಇರುವ ಊರು. ಆದರೆ ಈ ಗೆಲರ್ಟ್ ಯಾರು? ತಮಾಷೆ ಇರುವುದೇ ಅಲ್ಲಿ.

ಭಾವಮೈದನ ಕಾರಿನಲ್ಲಿ ನಾವು ಅಲ್ಲಿಗೆ ಹೋದಾಗ ಜಿಟಿಜಿಟಿ ಮಳೆ. ಕಾರಿಳಿದ ಕೂಡಲೇ ಗಾಳಿಗೆ ಅತ್ತೆಯ ಕೊಡೆ ಉಲ್ಟಾ ಆಯಿತು. ಗ್ಲಾಸ್ಲಿನ್ ಹೊಳೆಯ ಪಕ್ಕ ನಡೆದು ಸಮಾಧಿ ತಲುಪುವಷ್ಟರಲ್ಲಿ ಅವರ ಸೀರೆಯ ಅಂಚು, ನನ್ನ ಕಾಲುಚೀಲ ಎರಡೂ ಒದ್ದೆ. ಅಲ್ಲಿನ ಕಲ್ಲಿನ ಮೇಲೆ ಕಥೆ ಕೆತ್ತಿದ್ದಾರೆ. ಅತ್ತೆಗೆ ಕನ್ನಡದಲ್ಲಿ ಹೇಳತೊಡಗಿದೆ.

"13ನೇ ಶತಮಾನದಲ್ಲಿ ಲೆವೆಲಿನ್ ಅಂತ ಒಬ್ಬ ದೊರೆ. ಬೇಟೆ ಮುಗಿಸಿ ಮನೆಗೆ ಬರ್ತಾನೆ. ಅವನ ನಾಯಿ ಗೆಲರ್ಟ್ ಮೈಯೆಲ್ಲ ರಕ್ತ. ತೊಟ್ಟಿಲು ಖಾಲಿ. ಮಗೂನ ತಿಂದುಬಿಡ್ತು ಅಂತ ಕತ್ತಿಯಿಂದ ಇರಿದೇಬಿಟ್ಟ..."

"ಆಮೇಲೆ ಮಗು ಅಳುತ್ತೆ. ನೋಡಿದ್ರೆ ಹಾವು ಸತ್ತುಬಿದ್ದಿರುತ್ತೆ," ಅಂದರು ಅತ್ತೆ.

"ಹಾವಲ್ಲ, ತೋಳ."

"ಯಾವುದೋ ಒಂದು. ಇದು ನಮ್ಮ ಮುಂಗುಸಿ ಕಥೆ ಅಲ್ವೇನ್ರೀ?"

ಅಲ್ವಾ ಮತ್ತೆ! ಪಂಚತಂತ್ರದ ಮುಂಗುಸಿ ದೇಶ ದೇಶ ಸುತ್ತಿ ಯುರೋಪಿಗೆ ಹೋಗುವಷ್ಟರಲ್ಲಿ ನಾಯಿಯಾಗಿತ್ತು. 13ನೇ ಶತಮಾನದ ಫ್ರಾನ್ಸಿನಲ್ಲಂತೂ ಗಿನ್‌ಫೋರ್ ಎಂಬ ಇಂಥದ್ದೇ ನಾಯಿಯನ್ನು ಹಳ್ಳಿಯ ಜನ ಸಂತನೆಂದು ಪೂಜಿಸುತ್ತಿದ್ದರು. ಅಲ್ಲಿ ಇನ್ನೂ ಹಾವೇ ಇತ್ತು.

ಊರಿನ ಹೆಸರು ನಾಯಿಯದ್ದಲ್ಲ, ಬಹುಶಃ ಕೆಲರ್ಟ್ ಎಂಬ ಹಳೆಯ ಕ್ರೈಸ್ತ ಸಾಧುವಿನದು. 18ನೇ ಶತಮಾನದ ಕೊನೆಗೆ ಡೇವಿಡ್ ಪ್ರಿಚರ್ಡ್ ಎಂಬಾತ ಇಲ್ಲಿನ ಗೋಟ್ ಹೋಟೆಲಿನ ಯಜಮಾನನಾದ. ಸಾಧುವಿನ ಹೆಸರು ಹೇಳಿದರೆ ಯಾರು ಬರುತ್ತಾರೆ? ನಿಯತ್ತಿನ ನಾಯಿ ಅಂದರೆ ಜನ ಕರ್ಚೀಫ್ ಹಿಡಿದೇ ಬರುತ್ತಾರೆ. ಸಮಾಧಿಯ ಕಲ್ಲುಗಳನ್ನು ನಿಲ್ಲಿಸಿದ್ದು ಅವನೇ ಅಂತ ಹೇಳುತ್ತಾರೆ. ಸ್ಪೆನ್ಸರ್ ಎಂಬ ಇಂಗ್ಲಿಷ್ ಕವಿ ಪದ್ಯ ಬೇರೆ ಬರೆದ. ಬಿಟ್ಟಿ ಜಾಹೀರಾತು! ನನಗಂತೂ ಪ್ರಿಚರ್ಡ್ ಮೇಲೆ ಕೋಪ ಬರಲಿಲ್ಲ, ಹೊಟ್ಟೆಕಿಚ್ಚಾಯಿತು.

ಇದನ್ನೆಲ್ಲ ಕೇಳುತ್ತಲೇ ಅತ್ತೆ ಚಕ್ಕುಲಿ ಪೊಟ್ಟಣ ಬಿಚ್ಚಿದರು. ಪ್ರವಾಸಿಗರ ಜೊತೆ ಬಂದಿದ್ದ ಜೀವಂತ ನಾಯಿಯೊಂದು ಪೊಟ್ಟಣವನ್ನೇ ಕಚ್ಚಿಕೊಂಡು ಓಡಿತು. ಅದರ ಯಜಮಾನಿ "ಸಾರಿ, ಸಾರಿ" ಅನ್ನುತ್ತಾ ಹಿಂದೆ ಓಡಿದಳು.

"ಹೋಗ್ಲಿ ಬಿಡಿ, ನಾಯಿ ಮೇಲೆ ದುಡುಕಬಾರದು ಅಂತ ಈಗ ತಾನೇ ಓದಿದ್ರಲ್ಲ," ಅಂದರು ಅತ್ತೆ. "ಚಳಿ ಜಾಸ್ತಿ ಆಯ್ತು. ಆ ಪುಣ್ಯಾತ್ಮನ ಹೋಟೆಲ್ ಇನ್ನೂ ಇದೆಯಾ?"

ಇತ್ತು. ನಾಲ್ಕು ಕಾಫಿ ಹೇಳಿದೆವು.