ಪಕ್ಕದ ಕುರ್ಚಿಯ ತುಘಲಕ್

ವಿಶ್ವವಿದ್ಯಾನಿಲಯದ ನಾಟಕ ತಂಡಗಳಿಗೆ ನಟರ ಕೊರತೆ ಎಂದೂ ಇರುವುದಿಲ್ಲ; ಕೊರತೆಯಿರುವುದು ಪ್ರೇಕ್ಷಕರದ್ದು. ಅದನ್ನು ನೀಗಿಸುವುದಕ್ಕೆಂದೇ ವರ್ಷವರ್ಷವೂ ಮೊದಲ ಸೆಮಿಸ್ಟರಿಗೆ ಹೊಸಬರನ್ನು ಸೇರಿಸಿಕೊಳ್ಳುತ್ತಾರೆಂಬ ಗುಮಾನಿ, ಎಂ.ಎ. ಓದಲು ಮೈಸೂರಿಗೆ ಬಂದ ಮೇಲೆ ನನ್ನಲ್ಲಿ ದಿನೇ ದಿನೇ ಬಲವಾಗುತ್ತಿದೆ. ಟಿಕೆಟ್ಟು ಮಾರಲು ಸೀನಿಯರುಗಳು ಹಾಸ್ಟೆಲಿನ ಮೆಸ್ಸಿಗೆ ಬರುವ ಹೊತ್ತೂ ಯೋಚಿಸಿ ಆರಿಸಿದ್ದೇ. ಅನ್ನಕ್ಕೆ ಸಾರು ಕಲೆಸಿಕೊಂಡು ಕುಳಿತವನು ಎದ್ದು ಓಡಲಾರ. ದುಡ್ಡು ರೂಮಿನಲ್ಲಿದೆ ಎಂದು ಹೇಳುವ ಕಾಲವೂ ಹೋಯಿತು. ಅವನ ಎಡಗೈಯಲ್ಲಿ ಫೋನು ಇರುತ್ತದೆ, ಅವರ ಕೈಯಲ್ಲಿ ಕ್ಯೂಆರ್ ಕೋಡಿನ ರಟ್ಟು ಇರುತ್ತದೆ. ಹಪ್ಪಳ ಬರುವಷ್ಟರಲ್ಲಿ ನಾವು ರಂಗಾಸಕ್ತರಾಗಿರುತ್ತೇವೆ.

ಕಳೆದ ಶನಿವಾರದ ನಾಟಕ ಗಿರೀಶ ಕಾರ್ನಾಡರ 'ತುಘಲಕ್'. 1964ರಲ್ಲಿ ಬಂದ ಈ ನಾಟಕ ಅಂದು ರಂಗದ ಮೇಲಿದ್ದ ಬಹುಪಾಲು ನಟರ ತಂದೆತಾಯಿಗಳಿಗಿಂತಲೂ ಹಿರಿಯದು. ಆದರೂ ವಿದ್ಯಾರ್ಥಿ ತಂಡಗಳು ಅದನ್ನು ಬಿಡುವುದಿಲ್ಲ. ಕೂಗಾಡಲು ಒಬ್ಬ ಸುಲ್ತಾನ, ಭರ್ಜಿ ಹಿಡಿದು ಸುಮ್ಮನೆ ನಿಲ್ಲಲು ಕಾವಲುಗಾರರು, ಎಷ್ಟು ಮಂದಿಯನ್ನು ತುಂಬಿದರೂ ಹಿಡಿಸುವ ಜನಜಂಗುಳಿ, ಇಷ್ಟೂ ಒಂದೇ ನಾಟಕದಲ್ಲಿ ಸಿಕ್ಕರೆ ಯಾರು ತಾನೇ ಬಿಟ್ಟಾರು? ಟಿಕೆಟ್ಟಿನ ಮೇಲೆ ಆರೂವರೆ ಎಂದು ಅಚ್ಚಾಗಿತ್ತು. ದೀಪ ಬೆಳಗಿಸುವುದು, ಫ್ಯಾನಿನ ಗಾಳಿಗೆ ಅದು ಆರಿಹೋಗುವುದು, ಅತಿಥಿಗಳಿಗೆ ಶಾಲು ಹೊದಿಸುವುದು, ಸಿ.ಆರ್. ಸಿಂಹ ಅವರು ತುಘಲಕ್ ಆಗಿ ಅಭಿನಯಿಸಿದ್ದನ್ನು ಕಣ್ಣಾರೆ ಕಂಡ ಹಿರಿಯ ಪ್ರಾಧ್ಯಾಪಕರೊಬ್ಬರು ಅದರ ಮುಂದೆ ಇನ್ನು ಯಾರು ಮಾಡಿದರೂ ವ್ಯರ್ಥವೆಂದು ಹೇಳಿ ತಂಡಕ್ಕೆ ಶುಭ ಕೋರುವುದು, ಇವೆಲ್ಲ ಮುಗಿದಾಗ ಏಳೂ ಮುಕ್ಕಾಲು.

ನಾಟಕದಲ್ಲಿ 13 ದೃಶ್ಯಗಳಿವೆ. ಎಂದರೆ ನಡುವೆ 12 ಕತ್ತಲೆಗಳಿವೆ. ಈ ಲೆಕ್ಕವನ್ನು ಕಾರ್ನಾಡರು ಮಾಡಿದ್ದರೋ ಇಲ್ಲವೋ, ವಿದ್ಯಾರ್ಥಿ ರಂಗಭೂಮಿಯ ಪ್ರೇಕ್ಷಕನಂತೂ ಮಾಡಲೇಬೇಕು. ಪ್ರತಿ ಕತ್ತಲೆಯಲ್ಲಿಯೂ ಕಪ್ಪು ಅಂಗಿ ತೊಟ್ಟ ಇಬ್ಬರು ಬಂದು ಮರದ ಬ್ಲಾಕುಗಳನ್ನು ಎಳೆದಾಡುತ್ತಾರೆ. ಸುಲ್ತಾನನ ಸಿಂಹಾಸನವೂ ಅವೇ, ಚದುರಂಗದ ಮಣೆ ಇಡುವ ಮೇಜೂ ಅವೇ, ದೌಲತಾಬಾದಿನ ಕೋಟೆಯೂ ಅವೇ. ರಾಜಧಾನಿಯನ್ನು ದಿಲ್ಲಿಯಿಂದ ದೌಲತಾಬಾದಿಗೆ ಸಾಗಿಸುವುದು ಹುಚ್ಚುತನವೇ ಇರಬಹುದು, ಆದರೆ ನಾಲ್ಕು ಬ್ಲಾಕುಗಳನ್ನು ಎಡದಿಂದ ಬಲಕ್ಕೆ ಸಾಗಿಸುವುದರ ಕಷ್ಟವನ್ನು ನೋಡಿದ್ದರೆ ತುಘಲಕನೂ ಆ ಆಲೋಚನೆಯನ್ನು ಕೈಬಿಡುತ್ತಿದ್ದನೇನೋ. ಕತ್ತಲೆಯಲ್ಲಿ ಯಾರದ್ದೋ ಕಾಲಿನ ಮೇಲೆ ಬ್ಲಾಕು ಬೀಳುವ ಸದ್ದು, ಅನಂತರ ಇತಿಹಾಸಕ್ಕೆ ಒಗ್ಗದ ಒಂದು ಬೈಗುಳ, ಅನಂತರ ಬೆಳಕು.

ಇಷ್ಟನ್ನೂ ನಾನು ಸಹಿಸುತ್ತಿದ್ದೆ. ಸಹಿಸಲಾಗದೆ ಹೋದದ್ದು ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಸೀನಿಯರನ್ನು. ಹಾಸ್ಟೆಲಿನಲ್ಲಿ ನಾವೆಲ್ಲರೂ ಅವರನ್ನು ಅಣ್ಣ ಎಂದೇ ಕರೆಯುತ್ತೇವೆ. ಹೋದ ವರ್ಷ ಇದೇ ತಂಡ ಇದೇ ನಾಟಕವನ್ನು ಆಡಿದಾಗ ಅಣ್ಣ ಜನಜಂಗುಳಿಯಲ್ಲಿದ್ದರು. ಬರಗಾಲದಲ್ಲಿ ಹಸಿದ ಜನ ದೌಲತಾಬಾದಿನಲ್ಲಿ ಸೇರುವ ಹನ್ನೊಂದನೆಯ ದೃಶ್ಯಕ್ಕೆ ನಿರ್ದೇಶಕರು ತಾವಾಗಿ ಸೇರಿಸಿದ್ದ 'ಅನ್ನ ಕೊಡ್ರೋ!' ಎಂಬ ಒಂದು ಕೂಗು ಅಣ್ಣನ ಪಾಲಿಗೆ ಬಂದಿತ್ತು. ತಾಲೀಮು ಸಂಜೆ ನಾಲ್ಕಕ್ಕೆ ಆರಂಭವಾಗಿ ಅವರ ಸರದಿ ಬರುವ ಹೊತ್ತಿಗೆ ರಾತ್ರಿ ಹತ್ತಾಗುತ್ತಿದ್ದುದರಿಂದ, ಆ ಒಂದು ಕೂಗಿಗಾಗಿ ಕಾಯುತ್ತಾ ಕುಳಿತ ಅಣ್ಣನಿಗೆ ಸುಲ್ತಾನನಿಂದ ಹಿಡಿದು ದ್ವಾರಪಾಲಕನ ತನಕ ಎಲ್ಲರ ಮಾತೂ ಬಾಯಿಪಾಠವಾಗಿಹೋಗಿದೆ.

ಹಾಗಾಗಿ ಶನಿವಾರ ನಾನು ನಾಟಕವನ್ನು ಎರಡೆರಡು ಸಲ ಕೇಳಿದೆ. ನಟ ಬಾಯಿ ತೆರೆಯುವುದಕ್ಕೆ ಅರೆಗಳಿಗೆ ಮುಂಚೆ ಆ ಮಾತು ನನ್ನ ಎಡಗಿವಿಗೆ ಬಂದು ಬೀಳುತ್ತಿತ್ತು. ಅನಂತರ ಅದೇ ಮಾತು ರಂಗದ ಮೇಲಿನಿಂದ, ಕೊಂಚ ಅಳುಕುತ್ತಾ, ಅಣ್ಣನ ಅಪ್ಪಣೆ ಪಡೆದು ಬರುತ್ತಿರುವಂತೆ ಕೇಳುತ್ತಿತ್ತು. ಮಾತಿಲ್ಲದ ಕಡೆ ವಿವರಣೆ ಇತ್ತು. ಶಿಹಾಬುದ್ದೀನನ ಪಾತ್ರಧಾರಿ ಮೊದಲ ಹೆಜ್ಜೆ ಇಟ್ಟನೋ ಇಲ್ಲವೋ, "ಇವನು ಸಾಯ್ತಾನೆ ಕಣೋ, ಪಾಪ" ಎಂದರು. ಪ್ರಾರ್ಥನೆಯ ಹೊತ್ತಿನಲ್ಲಿ ನಡೆಯುವ ಸಂಚಿನ ದೃಶ್ಯದಲ್ಲಿ, ಸಭಾಂಗಣವೆಲ್ಲ ಉಸಿರು ಬಿಗಿಹಿಡಿದಿದ್ದಾಗ, "ಹೋದ್ ವರ್ಷ ಇಲ್ಲಿ ಲೈಟು ಕೆಂಪಗಿತ್ತು" ಎಂದರು. ಸುಲ್ತಾನ ಚದುರಂಗದ ಮಣೆಯ ಮುಂದೆ ಗಹನವಾಗಿ ಯೋಚಿಸುತ್ತಿದ್ದಾಗ, "ಆ ಕುದುರೆ ನಮ್ಮ ರೂಮಿಂದೇ" ಎಂದು ನನ್ನ ಮೊಣಕೈ ತಿವಿದರು. "ಅಣ್ಣ, ಸ್ವಲ್ಪ ಕೇಳಿಸಿಕೊಳ್ತೀನಿ" ಎಂದು ಬೇಡಿಕೊಂಡರೆ, "ಕೇಳಿಸ್ಕೋ, ಕೇಳಿಸ್ಕೋ, ಈಗ ಬರೋ ಡೈಲಾಗು ಚೆನ್ನಾಗಿದೆ" ಎಂದು ಅದನ್ನೂ ಮುಂಗಡವಾಗಿ ಒಪ್ಪಿಸಿದರು. ಒಂದು ಕಡೆ ಬರನಿಯ ಪಾತ್ರದ ಹುಡುಗ ನಿಜವಾಗಿಯೂ ಮಾತು ಮರೆತು ನಿಂತುಬಿಟ್ಟ. ಅಣ್ಣ ಎತ್ತಿಕೊಟ್ಟ ಸಾಲನ್ನು ಹಿಡಿದು ಮುಂದೆ ಸಾಗುವಾಗ ನಮ್ಮ ಸಾಲಿನ ಕಡೆಗೆ ಅವನು ಕೃತಜ್ಞತೆಯ ನೋಟವೊಂದನ್ನು ಬೀರಿದ. ಅಲ್ಲಿಂದಾಚೆಗೆ ಅಣ್ಣನನ್ನು ಹಿಡಿಯುವವರೇ ಇರಲಿಲ್ಲ.

ನನಗೆ ಸಿಟ್ಟು ಬಂದದ್ದೇನೋ ಸರಿ. ಆದರೆ ನಾನು ಬೆಳೆದ ನಾಗಮಂಗಲದ ಕಡೆಯ ಊರಿನಲ್ಲಿ ಇದನ್ನು ತಪ್ಪೆಂದು ಯಾರೂ ಎಣಿಸುತ್ತಿರಲಿಲ್ಲ. ಅಲ್ಲಿ ಹಬ್ಬಕ್ಕೆ ಕಟ್ಟುವ ಕುರುಕ್ಷೇತ್ರ ನಾಟಕ ರಾತ್ರಿ ಆರಂಭವಾದರೆ ಬೆಳಗಿನ ಕಾಫಿಯ ತನಕ ನಡೆಯುತ್ತದೆ. ಪಾತ್ರ ಬೇಕೆಂದವರು ದುಡ್ಡು ಕೊಟ್ಟು ಕೊಳ್ಳಬೇಕು. ದುರ್ಯೋಧನನಿಗೆ ಬೆಲೆ ಹೆಚ್ಚು. ನನ್ನ ದೊಡ್ಡಪ್ಪ ಒಂದು ಟಗರು ಮಾರಿ ಶಕುನಿಯಾಗಿದ್ದರು. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದರೆ ಸಾಕು, ಚಾಪೆಯ ಮೇಲೆ ಕುಳಿತ ಅರ್ಧ ಊರು ಪದ್ಯದ ಮೊದಲ ಸಾಲನ್ನು ತಾನೇ ಎತ್ತಿಕೊಳ್ಳುತ್ತಿತ್ತು. ಒನ್ಸ್ ಮೋರ್ ಎಂದು ಕೂಗಿದರೆ ಸತ್ತವನೂ ಎದ್ದು ಇನ್ನೊಮ್ಮೆ ಹಾಡಿ ಪುನಃ ಸಾಯುತ್ತಿದ್ದ. ಹಲ್ಲು ಉದುರಿದ ಮೇಲೆ ಪದ್ಯ ಸ್ಪಷ್ಟವಾಗಿ ಹೊರಡುವುದಿಲ್ಲವೆಂದು ದೊಡ್ಡಪ್ಪ ಬಣ್ಣ ಹಚ್ಚುವುದನ್ನು ನಿಲ್ಲಿಸಿದ್ದಾರೆ. ಈಗ ಅವರೂ ಮುಂದೆ ಕುಳಿತು ಇನ್ನೊಬ್ಬ ಶಕುನಿಯ ಮಾತಿಗೆ ತುಟಿ ಆಡಿಸುತ್ತಾರೆ. ಆ ಹೊತ್ತಿನಲ್ಲಿ ಅವರನ್ನು ಯಾರೂ ಮಾತಾಡಿಸುವುದಿಲ್ಲ. ಇಲ್ಲಿಯಾದರೋ ಕೆಮ್ಮಿದರೂ ಹಿಂದಿನ ಸಾಲಿನವರು 'ಶ್' ಎನ್ನುತ್ತಾರೆ. ಅಣ್ಣನ ಪಿಸುಮಾತಿಗೆ ಬರಬೇಕಾಗಿದ್ದ 'ಶ್' ಎಲ್ಲವೂ ಏಕೋ ನನ್ನ ತಲೆಯ ಮೇಲೆಯೇ ಬಂದವು.

ಹತ್ತನೆಯ ಕತ್ತಲೆ ಕಳೆದು ಹನ್ನೊಂದನೆಯ ದೃಶ್ಯಕ್ಕೆ ಬೆಳಕು ಬಂತು. ಅಣ್ಣ ಆಗ ಮೌನವಾದರು. ಅದನ್ನೇ ಕಂಡು ನಾನು ಎಚ್ಚರವಾಗಬೇಕಿತ್ತು, ಆದರೆ ಕಿವಿಗೆ ಸಿಕ್ಕ ವಿಶ್ರಾಂತಿಯ ಸುಖದಲ್ಲಿದ್ದೆ. ಹಸಿದ ಜನರ ಗುಂಪಿನಿಂದ ಒಬ್ಬ ಸಣಕಲ ಹುಡುಗ ಮುಂದೆ ಬಂದು, ಎರಡೂ ಕೈ ಮೇಲೆತ್ತಿ ಬಾಯಿ ತೆರೆದ. ಅಷ್ಟರಲ್ಲಿ ನನ್ನ ಪಕ್ಕದ ಕುರ್ಚಿ ಕಿರ್ರೆಂದಿತು. ಅಣ್ಣ ಎದ್ದು ನಿಂತು, ಎರಡೂ ಕೈ ಮೇಲೆತ್ತಿ, ಒಂದು ವರ್ಷದಿಂದ ಕೂಡಿಟ್ಟುಕೊಂಡಿದ್ದ ಉಸಿರನ್ನೆಲ್ಲ ಸೇರಿಸಿ "ಅನ್ನ ಕೊಡ್ರೋ!" ಎಂದು ಕೂಗಿದರು. ರಂಗದ ಮೇಲಿನ ಹುಡುಗ ತೆರೆದ ಬಾಯನ್ನು ಹಾಗೆಯೇ ಮುಚ್ಚಿಕೊಂಡ. ಸಭಾಂಗಣವೆಲ್ಲ ನಮ್ಮತ್ತ ತಿರುಗಿತು. ನಾನು ಚಪ್ಪಲಿ ಹುಡುಕುವ ನೆಪದಲ್ಲಿ ಕುರ್ಚಿಯ ಕೆಳಕ್ಕೆ ಬಗ್ಗಿದೆ. ಆದರೆ ಬೈಯಲು ಯಾರೂ ಬಾಯಿ ತೆರೆಯಲಿಲ್ಲ. ವಿದ್ಯಾರ್ಥಿ ನಾಟಕಗಳಲ್ಲಿ ಪಾತ್ರಗಳು ಪ್ರೇಕ್ಷಕರ ನಡುವಿನಿಂದ ಎದ್ದು ಬರುವುದು ಎಷ್ಟು ರೂಢಿಯಾಗಿದೆಯೆಂದರೆ, ಎಲ್ಲರೂ ಅಣ್ಣನನ್ನು ಗೌರವದಿಂದಲೇ ನೋಡಿದರು. ಅಷ್ಟು ಹೊತ್ತಿಗೆ ಒಂಬತ್ತು ದಾಟಿ ಮೆಸ್ಸಿನ ಬಾಗಿಲು ಹಾಕಿದ್ದುದರಿಂದ, ಹಿಂದಿನ ಸಾಲಿನಲ್ಲಿದ್ದ ನಮ್ಮ ಹಾಸ್ಟೆಲಿನ ಹುಡುಗರು ಯಾವ ತಾಲೀಮೂ ಇಲ್ಲದೆ, ಅತ್ಯಂತ ಸಹಜವಾಗಿ "ಅನ್ನ ಕೊಡ್ರೋ, ಅನ್ನ ಕೊಡ್ರೋ" ಎಂದು ದನಿಗೂಡಿಸಿದರು. ಇಡೀ ಸಂಜೆಯಲ್ಲಿ ನಂಬುವಂತಿದ್ದ ಅಭಿನಯವೆಂದರೆ ಅದೊಂದೇ.

ನಾಟಕದ ನಂತರ ಸಂವಾದವಿತ್ತು. ಸಂವಾದವೆಂದರೆ ಪ್ರಶ್ನೆ ಕೇಳಲು ಮೈಕು ಪಡೆದವರು ಮೈಕನ್ನು ಹಿಂದಿರುಗಿಸದಿರುವ ಕಾರ್ಯಕ್ರಮ. ಸಿಂಹ ಅವರನ್ನು ಕಂಡಿದ್ದ ಪ್ರಾಧ್ಯಾಪಕರು ಜರ್ಮನ್ ನಾಟಕಕಾರ ಬ್ರೆಕ್ಟನಿಂದ ತೊಡಗಿ ನಮ್ಮ ಸಾಲಿಗೆ ಬಂದು, ಹಸಿವು ಯಾವಾಗಲೂ ರಂಗದಾಚೆಗೆ ಇರುತ್ತದೆಂಬುದನ್ನು ನಿರ್ದೇಶಕರು ಆ ಒಂದು ಕೂಗಿನಿಂದ ಕಾಣಿಸಿಬಿಟ್ಟರೆಂದು ಬಹಳ ಹೊತ್ತು ಕೊಂಡಾಡಿದರು. ನಿರ್ದೇಶಕರು ಮೊದಲು ಕಣ್ಣು ಮಿಟುಕಿಸಿದರು. ಅನಂತರ, ಅದು ಬಹಳ ಚರ್ಚಿಸಿ ತೆಗೆದುಕೊಂಡ ತೀರ್ಮಾನವೆಂದರು. ಸಣಕಲ ಹುಡುಗ ಬಣ್ಣ ಒರೆಸಿಕೊಳ್ಳುತ್ತಾ ಒಂದು ಮೂಲೆಯಲ್ಲಿ ನಿಂತಿದ್ದ. ಅವನ ಅಮ್ಮ ಅಪ್ಪ ಊರಿನಿಂದ ನಾಟಕ ನೋಡಲು ಬಂದಿದ್ದರೆಂದು ಆಮೇಲೆ ತಿಳಿಯಿತು.

ಮರುಪ್ರದರ್ಶನದಲ್ಲಿ ಈ ತೀರ್ಮಾನವನ್ನು ಉಳಿಸಿಕೊಳ್ಳಲಾಗಿದೆ. ಕರಪತ್ರದಲ್ಲಿ ಅಣ್ಣನ ಹೆಸರೂ ಬರಲಿದೆ. ಹುಡುಗನಿಗೆ ಭರ್ಜಿಯೊಂದನ್ನು ಕೊಟ್ಟು ಸಮಾಧಾನಪಡಿಸಿದ್ದಾರೆ. ಅಣ್ಣ ಏಳುವಾಗ ಪಕ್ಕದಲ್ಲಿ ಒಬ್ಬ ಸಾಮಾನ್ಯ ಪ್ರೇಕ್ಷಕ ಬೆಚ್ಚಿಬಿದ್ದರೆ ದೃಶ್ಯಕ್ಕೆ ತೂಕ ಬರುತ್ತದೆಂಬುದು ನಿರ್ದೇಶಕರ ಹೊಸ ಆಲೋಚನೆ. ಶನಿವಾರ ನನ್ನ ಮುಖದಲ್ಲಿದ್ದದ್ದು ಸಿಟ್ಟೆಂದೂ, ತಮಗೆ ಬೇಕಾಗಿರುವುದು ಬೆರಗೆಂದೂ ಅವರು ಮೆಸ್ಸಿನವರೆಗೂ ಬಂದು ತಿಳಿಸಿಹೋದರು. ಅದನ್ನು ತಿದ್ದುವುದಕ್ಕಾಗಿ ಸೋಮವಾರದಿಂದ ಸಂಜೆ ನಾಲ್ಕಕ್ಕೆ ನನಗೂ ತಾಲೀಮು. ಹನ್ನೊಂದನೆಯ ದೃಶ್ಯ ಬರುವ ತನಕ ಸುಮ್ಮನೆ ಕುಳಿತು ಉಳಿದವರ ಮಾತು ಕೇಳುತ್ತಿರಬೇಕಂತೆ.